ಲಾರಿ ಇಳಿದ ಕುರಿ ಬೆದೆಗೆ ಯಾಕ ಬರಲಿಲ್ಲ? ಗಂಡು ಹೆಣ್ಣಿನ ಹಾರ್ಮೋನು ಮತ್ತು ಗಾಬರಿ

ಕೆಂಗುರಿ ಮನೆ, ಲಿಂಗಸುಗೂರು

ಎಲ್ಲರಿಗೂ ನಮಸ್ಕಾರ್ರಿ. ನಾನು, ನಮ್ಮಪ್ಪ ಸೇರಿ ಕೆಂಗುರಿ ಸಾಕ್ತೀವಿ. ಬಿಎಸ್ಸಿ ಮುಗಿಸಿ ಮೂರು ವರ್ಷ ಆತು, ಈಗ ಪೂರ್ತಿ ಕುರಿ ಹಿಂದೇನೇ ಇದೀನಿ. ಒಂದು ಸಂಗತಿ ತಲೆ ತಿನ್ನಾಕತ್ತೈತಿ, ತಿಳಿದವರು ಹೇಳ್ರಿ.

ಮೇ ಕೊನೆ ವಾರ ಕನಕಗಿರಿ ಕಡೆಯಿಂದ 34 ಹೆಣ್ಣು ಕುರಿ, 2 ಬೀಜದ ಟಗರು, 6 ಬೀಜ ಒಡೆಸಿದ ಟಗರು ಕೊಂಡು ಒಂದೇ ಲಾರಿಯಲ್ಲಿ ತಂದ್ವಿ. ಬೆಳಿಗ್ಗೆ ಆರಕ್ಕೆ ಬರ್ತೀವಿ ಅಂದ ಲಾರಿ ಬಂದದ್ದು ಹನ್ನೊಂದಕ್ಕ. ಹಂಗಾಗಿ ನಡು ಬಿಸಿಲಾಗೇ ತರಬೇಕಾತು. ಹತ್ತಿಸೋದು, ಇಳಿಸೋದು ಎಲ್ಲಾ ಸೇರಿ ಐದು ತಾಸು. ಹಿಂದಿನ ದಿನ ಅಲ್ಲೇ ದೊಡ್ಡಿಯೊಳಗ ಏಳೆಂಟು ಕುರಿ ಬೆದೆಗೆ ಬರೋ ಲಕ್ಷಣ ತೋರಿಸಿದ್ವು. ಬಾಲ ಆಡಿಸ್ತಾ ಟಗರಿನ ಹತ್ತಿರ ತಾವೇ ಹೋಗಿ ನಿಲ್ತಿದ್ವು, ನಾನೇ ಕಣ್ಣಾರೆ ನೋಡೀನಿ.

ನಮ್ಮ ಹಟ್ಟಿಗೆ ಬಂದ ಮೇಲೆ ಅವೇ ಕುರಿ ಟಗರನ್ನ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹತ್ತು ದಿನ ಆದ್ರೂ ಅಷ್ಟೇ. ಆದ್ರ ಅದೇ ಲಾರಿಯಲ್ಲಿ ಬಂದ ನಾಲ್ಕು ತುಂಬು ಗಬ್ಬದ ಕುರಿ, ಇಳಿದ ಅರ್ಧ ತಾಸಿಗೆ ಶೇಂಗಾ ಹೊಟ್ಟಿಗೆ ಬಾಯಿ ಹಾಕಿದ್ವು. ಬೀಜದ ಟಗರು ಎರಡೂ ಸಂಜೀಮುಂದ ನಮ್ಮ ಹಳೇ ಟಗರಿನ ಜೊತೆ ಗುದ್ದಾಟಕ್ಕ ನಿಂತ್ವು. ಬೀಜ ಒಡೆಸಿದ ಆರೂ ಮಾತ್ರ ಮೂಲೆಗೆ ಒತ್ತಿ ನಿಂತು ಎರಡು ದಿನ ಸರಿಯಾಗಿ ಮೇಯಲಿಲ್ಲ.

ಒಂದೇ ಲಾರಿ, ಒಂದೇ ಬಿಸಿಲು, ಒಂದೇ ನೀರು. ಅಪ್ಪ "ಮಣ್ಣು ನೀರು ಬದಲಾತು, ತಾವೇ ಸರಿಹೋಗ್ತಾವ" ಅಂತಾರ. ನನಗ ಮಾತ್ರ, ಗಂಡು ಹೆಣ್ಣಿನ ಹಾರ್ಮೋನಿಗೂ ಈ ಗಾಬರಿಗೂ ಏನೋ ನಂಟು ಐತಿ ಅನಿಸ್ತದ. ಹೌದೇನ್ರಿ?

ದನದ ಡಾಕ್ಟ್ರು, ಯಲಬುರ್ಗಾ

ಒಳ್ಳೇ ಕಣ್ಣು ತಂಗಿ ನಿಮ್ಮದು. ನಂಟು ಖಂಡಿತ ಇದೆ. ಆದರೆ ಅದಕ್ಕೂ ಮೊದಲು ಎರಡು ಪ್ರಶ್ನೆ: ಬಂದ ಮೇಲೆ ಕುರಿಗಳ ಮೈ ಇಳಿದಿದೆಯಾ? ಬೆನ್ನುಮೂಳೆ ಮೇಲೆ ಕೈ ಆಡಿಸಿ ನೋಡಿ, ಮೂಳೆ ಚೂಪಾಗಿ ಕೈಗೆ ಸಿಕ್ಕರೆ ಹೊಟ್ಟೆಗೆ ಸಾಲುತ್ತಿಲ್ಲ ಎಂದೇ ಅರ್ಥ. ಮೇವು ಕಡಿಮೆಯಾದ ಕುರಿ ಲಾರಿ ಹತ್ತದಿದ್ದರೂ ಬೆದೆಗೆ ಬರುವುದಿಲ್ಲ. ಎರಡನೆಯದು, ಕುರಿಯ ಬೆದೆ ಚಕ್ರ ಸರಾಸರಿ 17 ದಿನ. ಹತ್ತೇ ದಿನಕ್ಕೆ ತೀರ್ಮಾನಕ್ಕೆ ಬರಬೇಡಿ, ಇನ್ನೊಂದು ಸುತ್ತು ಕಾಯಿರಿ.

ಈಗ ನಂಟಿನ ಮಾತು. ಪ್ರಾಣಿಗೆ ಗಾಬರಿಯಾದಾಗ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಸಿಆರ್‌ಎಚ್ ಎನ್ನುವ ರಾಸಾಯನಿಕ ಬಿಡುತ್ತದೆ. ಅದು ಮಿದುಳಿನ ಕೆಳಗೆ ಅಂಟಿಕೊಂಡ ಪಿಟ್ಯುಟರಿ ಗ್ರಂಥಿಗೆ ಹೋಗಿ ಎಸಿಟಿಎಚ್ ಎನ್ನುವ ಹಾರ್ಮೋನು ಬಿಡಿಸುತ್ತದೆ. ಎಸಿಟಿಎಚ್ ರಕ್ತದಲ್ಲಿ ಹರಿದು ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಅಡ್ರೀನಲ್ ಗ್ರಂಥಿಯನ್ನು ತಲುಪಿದರೆ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಹೊರಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಹಾಗೆಯೇ: ಮೇಲಿಂದ ಆಜ್ಞೆ, ನಡುವೆ ತೂಬು, ಕೊನೆಗೆ ಹೊಲಕ್ಕೆ ನೀರು. ಹೊಲ ತುಂಬಿದ ಸುದ್ದಿ ಮೇಲಕ್ಕೆ ಹೋಗಿ ತೂಬು ಮುಚ್ಚಬೇಕು. ಕಾರ್ಟಿಸಾಲ್ ತಾನೇ ಮಿದುಳಿಗೆ ಮರಳಿ ಹೋಗಿ "ಸಾಕು ನಿಲ್ಲಿಸು" ಎನ್ನುತ್ತದೆ. ಲೈಂಗಿಕ ಹಾರ್ಮೋನುಗಳು ಈ ತೂಬು ಎಷ್ಟು ತೆರೆಯಬೇಕು, ಎಷ್ಟು ಬೇಗ ಮುಚ್ಚಬೇಕು ಎನ್ನುವುದರಲ್ಲಿ ಕೈ ಹಾಕುತ್ತವೆ.

ಇಲ್ಲೊಂದು ಮಾತು ಹೇಳಲೇಬೇಕು. ಈ ಸಿಆರ್‌ಎಚ್‌ನ ರಚನೆಯನ್ನು ಮೊದಲು ಬಿಡಿಸಿದ್ದು ಕುರಿಯ ಮಿದುಳಿನಿಂದ. 1981ರಲ್ಲಿ ಅಮೆರಿಕದ ವೈಲಿ ವೇಲ್ ಮತ್ತು ಸಂಗಡಿಗರು ಸುಮಾರು 5 ಲಕ್ಷ ಕುರಿಗಳ ಹೈಪೋಥಲಾಮಸ್ ತುಣುಕುಗಳಿಂದ ಅದನ್ನು ಬೇರ್ಪಡಿಸಿದರು. 41 ಅಮೈನೋ ಆಮ್ಲಗಳ ಒಂದು ಸಣ್ಣ ಸರಪಳಿ. ನಾವು ದಿನಾ ಕಾಯುವ ಪ್ರಾಣಿಯಿಂದಲೇ ಜಗತ್ತಿಗೆ ಇದು ತಿಳಿಯಿತು ಎಂದು ನೆನೆದಾಗ ನನಗೆ ಈಗಲೂ ಮನಸ್ಸು ತುಂಬುತ್ತದೆ.

ನಿಮ್ಮ ಬೆದೆಗೆ ಬಂದಿದ್ದ ಏಳೆಂಟು ಕುರಿಗಳ ಕಥೆ ಹೀಗಿರಬಹುದು. ಬೆದೆ ಹೊತ್ತಿನಲ್ಲಿ ಹೆಣ್ಣಿನ ಹಾರ್ಮೋನು ಈಸ್ಟ್ರೋಜನ್ ಏರುತ್ತದೆ, ಅದರ ಬೆನ್ನಿಗೆ ಪಿಟ್ಯುಟರಿಯಿಂದ ಅಂಡ ಬಿಡಿಸುವ ಹಾರ್ಮೋನು ಎಲ್‌ಎಚ್ ಒಮ್ಮೆಲೇ ಉಕ್ಕಬೇಕು, ಆಗಲೇ ಅಂಡ ಬಿಡುಗಡೆ. ಹೆಣ್ಣು ಕುರಿಗಳನ್ನು ಲಾರಿಯಲ್ಲಿ ಸಾಗಿಸಿ ರಕ್ತ ಪರೀಕ್ಷೆ ಮಾಡಿದ ಪ್ರಯೋಗಗಳು ಬ್ರಿಟನ್ನಿನಲ್ಲಿ ನಡೆದಿವೆ. ಎಲ್‌ಎಚ್ ಉಕ್ಕುವುದು ಅಲ್ಲಿ ತಡವಾಯಿತು, ಎಲ್‌ಎಚ್‌ನ ಮಿಡಿತಗಳೂ ವಿರಳವಾದವು. ನಿಮ್ಮ ಕುರಿಗಳು ಸರಿಯಾಗಿ ಆ ಸೂಕ್ಷ್ಮ ಹೊತ್ತಿನಲ್ಲೇ ಲಾರಿ ಹತ್ತಿವೆ.

ಸಂಡೂರ ಹುಡುಗ

ಇಷ್ಟೆಲ್ಲಾ ಯಾಕ್ರಿ ಡಾಕ್ಟ್ರೇ? ಹೆಣ್ಣು ಜೀವ ಅಂದ್ರ ಮೊದ್ಲೇ ಪುಕ್ಕಲು. ಇಲಿಯಾಗೂ ಹೆಣ್ಣಿಗೇ ಒತ್ತಡದ ಹಾರ್ಮೋನು ಜಾಸ್ತಿ ಅಂತ ಎಲ್ಲೋ ಓದೀನಿ. ಟಗರು ಗುದ್ದಾಡ್ತು, ಹೆಣ್ಣು ಕುರಿ ಹೆದರಿ ನಿಂತ್ವು, ಅಷ್ಟೇ.

ಪಿಯು ಜೀವಶಾಸ್ತ್ರ ಮೇಡಂ, ಸಿರುಗುಪ್ಪ

ಹುಡುಗನ ಮಾತಿಗೆ ಸಿಟ್ಟು ಬಂತು, ಆದರೂ ಅವನು ಓದಿದ್ದು ಪೂರ್ತಿ ಸುಳ್ಳಲ್ಲ. ಹೆಣ್ಣಿಲಿಯ ಅಡ್ರೀನಲ್ ಗ್ರಂಥಿ ಗಂಡಿಲಿಯದ್ದಕ್ಕಿಂತ ದೊಡ್ಡದು ಎಂದು ನಾನೂ ಪಾಠ ಮಾಡಿದ್ದೇನೆ. ಹಾನ್ಸ್ ಸೆಲ್ಯೆ 1936ರಲ್ಲಿ ಬರೆದ ಪುಟ್ಟ ಲೇಖನದಿಂದಲೇ ಒತ್ತಡದ ವಿಜ್ಞಾನ ಶುರುವಾಯಿತು ಅಂತಲೂ ಹೇಳುತ್ತೇನೆ: ಎಂಥದ್ದೇ ಪೆಟ್ಟು ಬಿದ್ದರೂ ಇಲಿಯ ಅಡ್ರೀನಲ್ ಊದುತ್ತದೆ, ರೋಗ ತಡೆಯುವ ಕೋಶಗಳನ್ನು ಬೆಳೆಸುವ ಥೈಮಸ್ ಗ್ರಂಥಿ ಕುಗ್ಗುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಆದರೆ ಕಾರ್ಟಿಸಾಲ್ ಹೆಚ್ಚು ಬಂತು ಅಂದರೆ ಹೆಚ್ಚು ಹೆದರಿತು ಎಂದೇ ಅರ್ಥವಾ? ನನ್ನ ವಿದ್ಯಾರ್ಥಿನಿಯರು ಇದೇ ಪ್ರಶ್ನೆ ಕೇಳುತ್ತಾರೆ, ನನ್ನ ಬಳಿ ಗಟ್ಟಿ ಉತ್ತರ ಇರಲಿಲ್ಲ. ಇಲ್ಲಿ ಯಾರಿಗಾದರೂ ಗೊತ್ತಿದ್ದರೆ ಬಿಡಿಸಿ ಹೇಳಿ.

ರಾಯಚೂರಿನವಳು, ಈಗ ಹೈದರಾಬಾದ್

ನಾನು ಓದುತ್ತಿರುವುದೇ ಈ ವಿಷಯ. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಮೇಡಂ ಪ್ರಶ್ನೆಗೆ ಉತ್ತರ: ಇಲ್ಲ, ಹಾಗೆ ಅರ್ಥ ಅಲ್ಲ. ಕಾರ್ಟಿಸಾಲ್‌ನ ಮೊದಲ ಕೆಲಸ ರಕ್ತಕ್ಕೆ ಸಕ್ಕರೆ ಒದಗಿಸುವುದು, ಮೈಯನ್ನು ಓಟಕ್ಕೋ ಕಾದಾಟಕ್ಕೋ ಸಜ್ಜು ಮಾಡುವುದು. ಟಗರು ಗುದ್ದಾಡುವಾಗ, ಹೆಣ್ಣಿನ ಮೇಲೆ ಏರುವಾಗಲೂ ಅದು ಏರುತ್ತದೆ. ಅಂಕಿ ನೋಡಿ ಪುಕ್ಕಲುತನ ಅಳೆಯುವುದು ಅಂದರೆ ಲಾರಿಯ ಡೀಸೆಲ್ ಖರ್ಚು ನೋಡಿ ಡ್ರೈವರನ ಧೈರ್ಯ ಅಳೆದಂತೆ.

ಇಲಿಯಲ್ಲಿ ಆಗುವುದು ಇದು. ಇಲಿ, ಹಕ್ಕಿಗಳಲ್ಲಿ ಕಾರ್ಟಿಸಾಲ್ ಬದಲು ಕಾರ್ಟಿಕೋಸ್ಟೆರಾನ್ ಇರುತ್ತದೆ ಎಂಬುದು ನೆನಪಿರಲಿ. ಹೆಣ್ಣಿಲಿಯನ್ನು ಕೊಳವೆಯಲ್ಲಿ ಕೂಡಿಟ್ಟರೆ ಎಸಿಟಿಎಚ್, ಕಾರ್ಟಿಕೋಸ್ಟೆರಾನ್ ಎರಡೂ ಗಂಡಿಗಿಂತ ಹೆಚ್ಚು ಏರುತ್ತವೆ, ಇಳಿಯುವುದೂ ನಿಧಾನ. ಆದರೆ ಎಲ್ಲಾ ದಿನ ಒಂದೇ ಸಮ ಅಲ್ಲ. ಅದರ ಚಕ್ರ ನಾಲ್ಕೈದು ದಿನದ್ದು. ಈಸ್ಟ್ರೋಜನ್ ತುತ್ತತುದಿಯಲ್ಲಿರುವ ದಿನ ಏರಿಕೆ ಅತಿ ಹೆಚ್ಚು, ಬೇರೆ ದಿನ ಕಡಿಮೆ. ಇದನ್ನು ವಿಯೂ ಮತ್ತು ಮೀನಿ ಎಂಬವರು 1991ರಲ್ಲಿ ಚೆನ್ನಾಗಿ ತೋರಿಸಿದರು. ಅಂಡಾಶಯ ತೆಗೆದರೆ ಏರಿಕೆ ತಗ್ಗುತ್ತದೆ, ಈಸ್ಟ್ರೋಜನ್ ಕೊಟ್ಟರೆ ಮರಳಿ ಬರುತ್ತದೆ. ಅಂದರೆ "ಹೆಣ್ಣು ಹೀಗೆ" ಎನ್ನುವ ಒಂದೇ ಹೆಣ್ಣು ಇಲ್ಲ. ಸೋಮವಾರದ ಹೆಣ್ಣಿಲಿಯೇ ಬೇರೆ, ಗುರುವಾರದ್ದೇ ಬೇರೆ.

ಗಂಡಿನಲ್ಲಿ ತಿರುವು ಮುರುವು. ವೃಷಣ ತೆಗೆದ ಗಂಡಿಲಿಯಲ್ಲಿ ಒತ್ತಡದ ಏರಿಕೆ ಹೆಚ್ಚಾಗುತ್ತದೆ. ಗಂಡಿನ ಹಾರ್ಮೋನು ಟೆಸ್ಟೋಸ್ಟೆರಾನ್ ಕೊಟ್ಟರೆ ಮತ್ತೆ ತಗ್ಗುತ್ತದೆ. ಅಂದರೆ ಅದು ಬ್ರೇಕಿನಂತೆ ಕೆಲಸ ಮಾಡುತ್ತದೆ. ಇನ್ನೂ ಸೋಜಿಗ ಏನು ಗೊತ್ತಾ? ಟೆಸ್ಟೋಸ್ಟೆರಾನ್ ಮಿದುಳಿನಲ್ಲಿ ಬೇರೆ ರೂಪಗಳಿಗೆ ತಿರುಗುತ್ತದೆ. ಅದರಲ್ಲೊಂದು ರೂಪ ಹೋಗಿ ಕೂರುವುದು ಈಸ್ಟ್ರೋಜನ್‌ನದೇ ಒಂದು ಗ್ರಾಹಕದ (ರಿಸೆಪ್ಟರ್, ಅಂದರೆ ಕೋಶದಲ್ಲಿ ಹಾರ್ಮೋನು ಬಂದು ಅಂಟುವ ಜಾಗ) ಮೇಲೆ, ಬೀಟಾ ಎನ್ನುವುದರ ಮೇಲೆ. ಅಲ್ಲಿ ಕೂತು ಒತ್ತಡದ ಕಾಲುವೆಯನ್ನು ತಗ್ಗಿಸುತ್ತದೆ. ಈಸ್ಟ್ರೋಜನ್‌ಗೆ ಇನ್ನೊಂದು ಗ್ರಾಹಕ ಇದೆ, ಆಲ್ಫಾ. ಅದರ ಮೂಲಕ ಹೋದರೆ "ಸಾಕು ನಿಲ್ಲಿಸು" ಎನ್ನುವ ಸುದ್ದಿ ಮಂಕಾಗಿ ಏರಿಕೆ ಹೆಚ್ಚುತ್ತದೆ. ಗಂಡಿನ ಹಾರ್ಮೋನಿನ ಬ್ರೇಕೇ ಹೆಣ್ಣಿನ ಹಾರ್ಮೋನಿನ ಗ್ರಾಹಕದ ಮೂಲಕ ನಡೆಯುವಾಗ ಗಂಡು ಗಟ್ಟಿ, ಹೆಣ್ಣು ಪುಕ್ಕಲು ಎಂದು ಗೆರೆ ಎಳೆಯೋದು ಹೇಗೆ?

ಸಂಡೂರ ಹುಡುಗ

ಅಕ್ಕಾರ, ತಪ್ಪಾತು. ಪುಕ್ಕಲು ಅನ್ನೋ ಮಾತು ವಾಪಸ್ ತಗೊಂಡೆ. ಆದ್ರ ಅವರ ಬೀಜ ಒಡೆಸಿದ ಟಗರು ಮೂಲೆ ಹಿಡಿದದ್ದಕ್ಕ ನಿಮ್ಮ ಮಾತು ಸರಿ ಹೊಂದ್ತದಲ್ಲ? ಬ್ರೇಕ್ ಹೋಗೇತಿ, ಗಾಬರಿ ಹೆಚ್ಚಾಗೇತಿ.

ರಾಯಚೂರಿನವಳು, ಈಗ ಹೈದರಾಬಾದ್

ಹೊಂದುತ್ತದೆ ಅನಿಸುತ್ತದೆ, ಅದಕ್ಕೇ ನನಗೆ ಭಯ. ಇಲಿಯದ್ದನ್ನು ಎತ್ತಿ ಕುರಿಗೆ ಹಾಗೆಯೇ ಅಂಟಿಸೋಕೆ ಬರಲ್ಲ. ಆಸ್ಟ್ರೇಲಿಯಾದಲ್ಲಿ ಟಿಲ್‌ಬ್ರೂಕ್, ಟರ್ನರ್ ಮುಂತಾದವರು ಕುರಿಗಳ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಒಂಟಿಯಾಗಿ ಕೂಡಿಹಾಕಿ ಕಟ್ಟಿದಾಗ ಹೆಣ್ಣು ಕುರಿಯ ಕಾರ್ಟಿಸಾಲ್ ಹೆಚ್ಚು ಏರಿತು. ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆ ಇಳಿಸಿದಾಗ ಟಗರಿನದ್ದೇ ಹೆಚ್ಚು ಏರಿತು. ಪ್ರಾಣಿ ಅದೇ, ಗ್ರಂಥಿ ಅದೇ. ಪೆಟ್ಟಿನ ಬಗೆ ಬದಲಾದ ಕೂಡಲೇ ಗಂಡು ಹೆಣ್ಣಿನ ಮೇಲು ಕೆಳಗು ಅದಲು ಬದಲಾಯಿತು. ನಮ್ಮ ಕ್ಷೇತ್ರದಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದ ಫಲಿತಾಂಶ ಇದು.

ಆ ಆರು ಟಗರಿಗೆ ಇನ್ನೂ ಸರಳ ಕಾರಣ ಇರಬಹುದು. ಬೀಜದ ಟಗರಿನಿಂದ ಗುದ್ದು ತಿಂದು ಮೂಲೆ ಸೇರಿರಬಹುದು. ಲಾರಿಯಲ್ಲಿ ಅವು ಯಾವ ಕಡೆ ಇದ್ದವು, ಬಿಸಿಲು ಯಾವ ಕಡೆ ಬೀಳುತ್ತಿತ್ತು?

ಕೆಂಗುರಿ ಮನೆ, ಲಿಂಗಸುಗೂರು

ಅಕ್ಕಾ, ನೀವು ಕೇಳಿದ ಮೇಲೆ ನೆನಪಾತು. ಆ ಆರೂ ಹಿಂದಿನ ಬಾಗಿಲ ಹತ್ತಿರ ಇದ್ವು. ತಾಡಪಾಲು ಅಲ್ಲಿತನಕ ಬಂದಿರಲಿಲ್ಲ. ನನ್ನ ತಲೆಗೆ ಇದು ಹೊಳೆದೇ ಇರಲಿಲ್ಲ.

ಡಾಕ್ಟ್ರೇ, ಬೆನ್ನು ಮುಟ್ಟಿ ನೋಡಿದೆ. ಹೆಣ್ಣು ಕುರಿ ಮೈ ಪರವಾಗಿಲ್ಲ, ಏಳೆಂಟು ಮಾತ್ರ ಸ್ವಲ್ಪ ಬಡವಾಗ್ಯಾವ.

ಹಟ್ಟಿ ಹಿರಿಯ, ಕುಷ್ಟಗಿ

ಮೊಮ್ಮಗ ಬರಕೊಡಾಕತ್ತಾನ. ನಾ ಹೇಳಿದ್ದು ಹಂಗ ಬರೀಲೆ ಅಂದೀನಿ.

ಐವತ್ತು ವರ್ಷ ಕುರಿ ಹಿಂದ ತಿರುಗೀನಿ. ಮಳಿಗಾಲ ಕಳದ್ರ ಕೆಳಗ ತುಂಗಭದ್ರೆ ಗದ್ದಿಗೆ ಹೋಗೋದು, ರೈತರ ಹೊಲದಾಗ ಕುರಿ ತರುಬೋದು, ಬ್ಯಾಸಗಿಗೆ ಮತ್ತ ಮ್ಯಾಲ. ನಮ್ಮ ಹಿರ್ಯಾರು ಒಂದ್ ಮಾತು ಹೇಳ್ತಿದ್ರು, ಟಗರು ಬಿಟ್ಟ ಹೊತ್ತಿನಾಗ ಹಟ್ಟಿ ಕೀಳಬ್ಯಾಡ. ಕಾರಣ ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ಕಿತ್ತ ವರ್ಷ ಮರಿ ಕಮ್ಮಿ ಬೀಳ್ತಾವ, ಅಷ್ಟ್ ಗೊತ್ತು.

ಗಬ್ಬದ ಕುರಿ ತಣ್ಣಗ ಇರ್ತೈತಿ ಅಂತ ಲಿಂಗಸುಗೂರ ಹುಡುಗಿ ಬರದಾಳ, ಖರೆ. ತಿಂಗಳು ತುಂಬಿದ ಕುರಿ ಗುಡುಗಿಗೂ ಬೆದರಂಗಿಲ್ಲ. ಈದ ಮ್ಯಾಲ ಅಂತೂ ಕೇಳಬ್ಯಾಡ. ಮೊದಲು ನಾಯಿ ಕಂಡ್ರ ಹಿಂಡಿನ ನಡಕ ನುಗ್ಗೂ ಕುರಿ, ಮರಿ ಕೂಡ ಇದ್ದಾಗ ನಾಯಿ ಎದುರಿಗೆ ಕಾಲು ಬಡಿದು ನಿಂದರ್ತೈತಿ. ಅದೇ ಕುರಿ! ಅದಕ್ಕ ಅಷ್ಟು ಎದಿ ಎಲ್ಲಿಂದ ಬರ್ತೈತಿ? ಓದಿದ ಹುಡುಗಿ ಇದನ್ನ ಹೇಳವ್ವಾ.

ರಾಯಚೂರಿನವಳು, ಈಗ ಹೈದರಾಬಾದ್

ಅಜ್ಜಾರ, ನಿಮಗೆ ಶರಣು. ನೀವು ಕಂಡದ್ದನ್ನೇ ಪ್ರಯೋಗಾಲಯದವರು ರಕ್ತದಲ್ಲಿ ಕಂಡಿದ್ದಾರೆ.

ಹಾಲುಣಿಸುವ ಕುರಿಯನ್ನು ಕಟ್ಟಿಹಾಕಿದರೆ ಬರಡು ಕುರಿಯಷ್ಟು ಕಾರ್ಟಿಸಾಲ್ ಏರುವುದಿಲ್ಲ. ಮರಿ ಪಕ್ಕದಲ್ಲಿದ್ದರಂತೂ ಇನ್ನೂ ಕಡಿಮೆ. ಹಾಲು ಇಳಿಸುವ ಆಕ್ಸಿಟೋಸಿನ್, ಹಾಲು ಮಾಡಿಸುವ ಪ್ರೊಲ್ಯಾಕ್ಟಿನ್, ಎರಡೂ ಮಿದುಳಿನ ಒಳಗೆ ಒತ್ತಡದ ಆಜ್ಞೆಯನ್ನು ತಣಿಸುತ್ತವೆ. ತುಂಬು ಗಬ್ಬದ ಬಗ್ಗೆ ಚೆನ್ನಾಗಿ ತಿಳಿದಿರುವುದು ಇಲಿಯಲ್ಲಿ. ಗಬ್ಬದಲ್ಲಿ ಪ್ರೊಜೆಸ್ಟೆರಾನ್ ಬಹಳ ಇರುತ್ತದೆ. ಮಿದುಳು ಅದನ್ನು ಅಲೋಪ್ರೆಗ್ನನೊಲೋನ್ ಎಂಬ ವಸ್ತುವಾಗಿ ಮಾರ್ಪಡಿಸಿಕೊಳ್ಳುತ್ತದೆ. ನರಗಳನ್ನು ಶಾಂತ ಮಾಡುವ ಗಾಬಾ ವ್ಯವಸ್ಥೆಗೆ ಇದು ಬಲ ಕೊಡುತ್ತದೆ. ಜೊತೆಗೆ ಮಿದುಳಿನ ಸ್ವಂತ ಅಫೀಮಿನಂಥ ವಸ್ತುಗಳು ಹೈಪೋಥಲಾಮಸ್‌ಗೆ ಬರುವ ಗಾಬರಿ ಸುದ್ದಿಯನ್ನು ದಾರಿಯಲ್ಲೇ ತಡೆಯುತ್ತವೆ. ಕಾರ್ಟಿಸಾಲ್ ಮಿತಿಮೀರಿದರೆ ಹೊಟ್ಟೆಯೊಳಗಿನ ಮರಿಗೆ ಪೆಟ್ಟು. ತಾಯಿಯ ಮೈಯೇ ತೂಬಿನ ಮೇಲೆ ಕೈ ಇಟ್ಟು ಕಾಯುತ್ತದೆ.

ಹಂಗಂತ ಗಬ್ಬದ ಕುರಿಯನ್ನು ಲಾರಿಗೆ ಹಾಕಬಹುದು ಎಂದಲ್ಲ, ದಯವಿಟ್ಟು. ತಣ್ಣಗೆ ಕಂಡರೂ ಬಿಸಿಲು, ನೂಕುನುಗ್ಗಲು, ಹಸಿವು ಅದರ ಮೈಗೆ ತಾಕದೆ ಇರದು.

ದನದ ಡಾಕ್ಟ್ರು, ಯಲಬುರ್ಗಾ

ಅದಕ್ಕೆ ನನ್ನ ದನಿಯೂ ಸೇರಲಿ. ಲಾರಿ ಇಳಿದ ಮರುವಾರ ಕಂದು ಹಾಕಿದ ಕುರಿಗಳನ್ನು ಎಷ್ಟು ಸಲ ನೋಡಿದ್ದೇನೋ. ತುಂಬು ಗಬ್ಬದ ಕುರಿ ಮಾರುವವರೂ ಕೊಳ್ಳುವವರೂ ಈಯುವ ತನಕ ಕಾಯಬೇಕು.

ಹಿರಿಯರು ಹೇಳಿದ "ಟಗರು ಬಿಟ್ಟಾಗ ಹಟ್ಟಿ ಕೀಳಬ್ಯಾಡ" ಎನ್ನುವುದಕ್ಕೂ ಒಂದು ಸುಂದರ ವಿವರಣೆ ಇದೆ. ಅಂಡಾಶಯ ತೆಗೆದ ಕುರಿಗೆ ಕಾರ್ಟಿಸಾಲ್ ಕೊಟ್ಟರೆ ಮಿದುಳಿನಿಂದ ಬರುವ ಸಂತಾನದ ಮಿಡಿತ, ಅಂದರೆ ಜಿಎನ್‌ಆರ್‌ಎಚ್ ಮಿಡಿತ, ನಿಧಾನವಾಗುವುದಿಲ್ಲ. ಅದೇ ಕುರಿಗೆ ಅಂಡಾಶಯದ ಹಾರ್ಮೋನುಗಳನ್ನು ಬೆದೆಗೆ ಮುಂಚಿನ ಹಾಗೆ ಕೊಟ್ಟು ಕಾರ್ಟಿಸಾಲ್ ಕೊಟ್ಟರೆ ಮಿಡಿತ ನಿಧಾನವಾಗುತ್ತದೆ. ಅಂದರೆ ಬೆದೆಗೆ ಸಿದ್ಧವಾಗುತ್ತಿರುವ ಕುರಿಗೇ ಒತ್ತಡ ಹೆಚ್ಚು ನಾಟುತ್ತದೆ. ತಂಗಿ ಕಂಡದ್ದೂ, ಹಿರಿಯರು ಹೇಳಿದ್ದೂ ಇದೇ ಜಾಗಕ್ಕೆ ಬಂದು ಕೂಡುತ್ತವೆ.

ಟಗರಿನ ವಿಷಯ ಮರೆಯಬೇಡಿ. ಅದು ಗುದ್ದಾಡಿತು ಎಂದರೆ ಎಲ್ಲ ಸರಿಯಿದೆ ಎಂದಲ್ಲ. ಬೀಜಾಣು ತಯಾರಾಗಲು ಸುಮಾರು ಏಳು ವಾರ ಬೇಕು. ಮೇ ಬಿಸಿಲಿನ ಪೆಟ್ಟು ಆಮೇಲೆ ಎಷ್ಟೋ ವಾರ ಕಾಡುತ್ತದೆ. ಗಬ್ಬ ನಿಲ್ಲದಿದ್ದಾಗ ನಮ್ಮ ಜನ ಮೊದಲು ಬೈಯುವುದು ಹೆಣ್ಣಿಗೇ, ಇದು ನನಗೆ ಬಹಳ ನೋವಿನ ಸಂಗತಿ. ಟಗರನ್ನೂ ಪರೀಕ್ಷೆ ಮಾಡಿಸಿ.

ಸಂಡೂರ ಹುಡುಗ

ಹಂಗಾದ್ರ ಎಲ್ಲಾ ಕುರಿದೂ ರಕ್ತ ತೆಗೆಸಿ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿದ್ರ ಗೊತ್ತಾಗ್ತೈತಲ್ಲ?

ರಾಯಚೂರಿನವಳು, ಈಗ ಹೈದರಾಬಾದ್

ಅಷ್ಟು ಸುಲಭ ಇಲ್ಲ. ಹಿಡಿದದ್ದೇ ಪ್ರಾಣಿಗೆ ಒತ್ತಡ. ಹಕ್ಕಿಗಳ ಮೇಲೆ ಕೆಲಸ ಮಾಡುವವರು ಹಿಡಿದ ಮೂರು ನಿಮಿಷದೊಳಗೆ ರಕ್ತ ತೆಗೆಯಬೇಕು ಅನ್ನುತ್ತಾರೆ. ತಡವಾದರೆ ನೀವು ಅಳೆಯುವುದು ಹಿಡಿದ ಗಾಬರಿಯನ್ನೇ. ಇನ್ನೊಂದು ತೊಡಕು: ರಕ್ತದಲ್ಲಿ ಕಾರ್ಟಿಸಾಲ್‌ನ ಹೆಚ್ಚಿನ ಪಾಲು ಒಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಬಿಡಿಯಾಗಿರುವುದು ಮಾತ್ರ ಕೆಲಸಕ್ಕೆ ಬರುತ್ತದೆ. ಇಲಿಯಲ್ಲೂ ಮನುಷ್ಯರಲ್ಲೂ ಈಸ್ಟ್ರೋಜನ್ ಈ ಪ್ರೋಟೀನನ್ನು ಹೆಚ್ಚಿಸುತ್ತದೆ. ಒಟ್ಟು ಅಂಕಿ ದೊಡ್ಡದು ಕಂಡರೂ ಬಿಡಿಯಾಗಿ ಇರುವುದು ಕಡಿಮೆ ಇರಬಹುದು. ಕಾಡುಪ್ರಾಣಿಗಳಿಗೆ ಹಿಕ್ಕೆ, ಲದ್ದಿ ಆಯ್ದು ಅದರಲ್ಲಿ ಉಳಿದ ಹಾರ್ಮೋನಿನ ಅಂಶ ಅಳೆಯುತ್ತಾರೆ. ಇಲ್ಲಿ ಹೈದರಾಬಾದಿನಲ್ಲಿ, ಅಳಿವಿನಂಚಿನ ಪ್ರಾಣಿಗಳಿಗಾಗಿ ಇರುವ ಲಾಕೋನ್ಸ್ ಪ್ರಯೋಗಾಲಯದಲ್ಲಿ ಆ ಕೆಲಸ ನಡೆಯುತ್ತದೆ.

ಈ ಪ್ರೋಟೀನಿನ ಮಾತು ಬಂದಾಗ ನನಗೆ ಯಾವಾಗಲೂ ನೆನಪಾಗುವುದು ಆಸ್ಟ್ರೇಲಿಯಾದ ಆಂಟೆಕೈನಸ್. ಇಲಿಯಂತೆ ಕಾಣುವ, ಮರಿಯನ್ನು ಕಾಂಗರೂ ಹಾಗೆ ಸಾಕುವ ಪುಟ್ಟ ಪ್ರಾಣಿ. ವರ್ಷಕ್ಕೆ ಒಮ್ಮೆ, ಚಳಿಗಾಲದ ಕೊನೆಗೆ ಕೂಡುವ ಕಾಲ. ಗಂಡುಗಳು ನಿದ್ದೆ ಊಟ ಬಿಟ್ಟು ತಾಸುಗಟ್ಟಲೆ ಕೂಡುತ್ತವೆ. ಎರಡು ಮೂರು ವಾರದಲ್ಲಿ ಎಲ್ಲಾ ಗಂಡೂ ಸಾಯುತ್ತವೆ. ಒಂದೂ ಉಳಿಯುವುದಿಲ್ಲ, ಆಗ ಅವಕ್ಕೆ ಇನ್ನೂ ಒಂದು ವರ್ಷವೂ ತುಂಬಿರುವುದಿಲ್ಲ. ಏರಿದ ಟೆಸ್ಟೋಸ್ಟೆರಾನ್ ಆ ಪ್ರೋಟೀನನ್ನು ಇಳಿಸಿಬಿಡುತ್ತದೆ, "ಸಾಕು ನಿಲ್ಲಿಸು" ಎನ್ನುವ ಮರುಸುದ್ದಿಯೂ ಕೆಲಸ ಮಾಡುವುದಿಲ್ಲ. ಬಿಡಿ ಕಾರ್ಟಿಸಾಲ್ ಮೈಯೆಲ್ಲಾ ನುಗ್ಗಿ ರೋಗನಿರೋಧಕ ಶಕ್ತಿ ಕುಸಿಯುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ಮೊದಲೇ ವೃಷಣ ತೆಗೆದ ಗಂಡು ಬದುಕಿ ಉಳಿಯುತ್ತದೆ. ಇಲಿಯಲ್ಲಿ ಬ್ರೇಕ್ ಆಗಿದ್ದ ಟೆಸ್ಟೋಸ್ಟೆರಾನ್ ಇಲ್ಲಿ ಕಟ್ಟೆ ಒಡೆಯುತ್ತದೆ.

ಪಿಯು ಜೀವಶಾಸ್ತ್ರ ಮೇಡಂ, ಸಿರುಗುಪ್ಪ

ಇದನ್ನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ಒಂದು ಅನುಮಾನ ಉಳಿದಿದೆ. ಹಾರ್ಮೋನು ಇವತ್ತು ಏರಿದರೆ ಇವತ್ತಿನ ಪರಿಣಾಮ ಎನ್ನುವುದು ಅರ್ಥವಾಯಿತು. ಹುಟ್ಟಿದಾಗಲೇ ಬರೆದಿಟ್ಟ ವ್ಯತ್ಯಾಸ ಏನೂ ಇಲ್ಲವಾ?

ರಾಯಚೂರಿನವಳು, ಈಗ ಹೈದರಾಬಾದ್

ಇದೆ ಮೇಡಂ. 1959ರಲ್ಲಿ ಫೀನಿಕ್ಸ್ ಮತ್ತು ಸಂಗಡಿಗರು ಗಬ್ಬದ ಗಿನಿಯಿಲಿಗಳಿಗೆ ಟೆಸ್ಟೋಸ್ಟೆರಾನ್ ಕೊಟ್ಟರು. ಹುಟ್ಟಿದ ಹೆಣ್ಣುಮರಿಗಳ ಲೈಂಗಿಕ ನಡವಳಿಕೆ ದೊಡ್ಡವಾದ ಮೇಲೂ ಗಂಡಿನ ಕಡೆ ವಾಲಿತ್ತು. ಹುಟ್ಟುವ ಮುಂಚಿನ ಹಾರ್ಮೋನು ಮಿದುಳನ್ನು ರೂಪಿಸುತ್ತದೆ, ದೊಡ್ಡವಾದ ಮೇಲಿನ ಹಾರ್ಮೋನು ಅದನ್ನು ಚಾಲೂ ಮಾಡುತ್ತದೆ ಎನ್ನುವ ತಿಳಿವು ಅಲ್ಲಿಂದ ಬಂತು. ಒತ್ತಡಕ್ಕೂ ಇದು ಅನ್ವಯಿಸುತ್ತದೆ. ಹುಟ್ಟಿದ ಕೂಡಲೇ ವೃಷಣ ತೆಗೆದ ಗಂಡಿಲಿ ಬೆಳೆದ ಮೇಲೆ ಒತ್ತಡಕ್ಕೆ ಹೆಚ್ಚು ಏರಿಕೆ ತೋರಿಸುತ್ತದೆ.

ಇನ್ನೊಂದು ವಿಷಯ ಬರೆಯದೆ ಇರಲಾರೆ. ಮೂರು ವಾರ ದಿನಾ ಕೂಡಿಹಾಕಿದರೆ ಗಂಡಿಲಿಯ ಮಿದುಳಿನಲ್ಲಿ ನೆನಪು ನೋಡಿಕೊಳ್ಳುವ ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಟೊಂಗೆಗಳು ಮೊಟಕಾಗುತ್ತವೆ, ದಾರಿ ನೆನಪಿಡುವ ಶಕ್ತಿ ಕುಗ್ಗುತ್ತದೆ. ಹೆಣ್ಣಿಲಿಯಲ್ಲಿ ಆ ಹಾನಿ ಕಾಣಲಿಲ್ಲ. ಅದರ ಕಾರ್ಟಿಕೋಸ್ಟೆರಾನ್ ಗಂಡಿಗಿಂತ ಹೆಚ್ಚಿದ್ದರೂ! ಇನ್ನೊಂದು ಬಗೆಯ ಪ್ರಯೋಗದಲ್ಲಿ, ಟ್ರೇಸಿ ಶೋರ್ಸ್ ತಂಡ 1998ರಲ್ಲಿ ತೋರಿಸಿದಂತೆ, ಒಮ್ಮೆ ಒತ್ತಡ ಕೊಟ್ಟ ಮೇಲೆ ಸದ್ದು ಕೇಳಿದೊಡನೆ ಕಣ್ಣು ಮಿಟುಕಿಸುವ ಪಾಠವನ್ನು ಗಂಡಿಲಿ ಬೇಗ ಕಲಿಯಿತು, ಹೆಣ್ಣಿಲಿ ಹಿಂದೆ ಬಿತ್ತು. ಒಂದರಲ್ಲಿ ಹೆಣ್ಣು ಮೇಲು, ಒಂದರಲ್ಲಿ ಗಂಡು.

ಇದೆಲ್ಲಾ ತಿಳಿಯಲು ಯಾಕೆ ಇಷ್ಟು ತಡವಾಯಿತು ಅಂದರೆ, ಹೆಣ್ಣು ಪ್ರಾಣಿಯನ್ನು ಪ್ರಯೋಗಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ನರವಿಜ್ಞಾನದಲ್ಲಿ ಒಂದೇ ಲಿಂಗದ ಪ್ರಾಣಿ ಬಳಸಿದ ಅಧ್ಯಯನಗಳಲ್ಲಿ ಹೆಣ್ಣಿನದು 1 ಇದ್ದರೆ ಗಂಡಿನದು 5.5 ಇತ್ತು ಎಂದು ಬೀರಿ, ಜುಕರ್ 2011ರಲ್ಲಿ ಲೆಕ್ಕ ಹಾಕಿದರು. ಚಕ್ರ ಇರುವುದರಿಂದ ಹೆಣ್ಣಿನ ಫಲಿತಾಂಶ ಏರುಪೇರು ಎಂಬ ನೆಪ. 2014ರಲ್ಲಿ ನೂರಾರು ಲೇಖನ ಜೋಡಿಸಿ ನೋಡಿದಾಗ ಹೆಣ್ಣು ಸುಂಡಿಲಿಗಳ ಏರುಪೇರು ಗಂಡಿಗಿಂತ ಹೆಚ್ಚಿಲ್ಲ ಎಂದು ಕಂಡಿತು. 2016ರಿಂದ ಅಮೆರಿಕದಲ್ಲಿ ಆರೋಗ್ಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್ ಎರಡೂ ಲಿಂಗವನ್ನು ಪರಿಗಣಿಸಬೇಕು, ಬಿಟ್ಟರೆ ಬಲವಾದ ಕಾರಣ ಕೊಡಬೇಕು ಎಂದಿತು. ನಾನು ಮೊದಲು ಸೇರಿದ್ದ ಪ್ರಯೋಗಾಲಯದಲ್ಲೂ "ಗಂಡಿಲಿ ಮಾತ್ರ ತಗೋ, ಸಮಯ ಉಳಿಯುತ್ತೆ" ಎಂದರು. ಒಂದು ವರ್ಷ ಹಾಗೇ ಮಾಡಿದೆ. ಆ ವರ್ಷದ ಬಗ್ಗೆ ನನಗೆ ಈಗಲೂ ಬೇಸರ ಇದೆ.

ಹಟ್ಟಿ ಹಿರಿಯ, ಕುಷ್ಟಗಿ

ಹೆಣ್ಣು ಬಿಟ್ಟು ಕುರಿ ವಿದ್ಯಾ ಕಲಿಯೂದು ಹೆಂಗವ್ವಾ? ನಮ್ಮ ಹಟ್ಟ್ಯಾಗ ನೂರು ಕುರಿಗೆ ಟಗರು ಮೂರು ನಾಕು. ಉಳದದ್ದೆಲ್ಲಾ ಹೆಣ್ಣ.

ಬೀಜ ಒಡಿಯೂದರ ಬಗ್ಗೆ ಒಂದ್ ಮಾತು ಕೇಳ್ತೀನಿ ಡಾಕ್ಟ್ರ. ನಾವು ಮರಿ ಇದ್ದಾಗ ಮಾಡ್ತಿದ್ವಿ. ಈಗಿನ ಹುಡುಗ್ರು ಮೈ ತುಂಬಿ ಗುದ್ದಾಡಾಕ ಹತ್ತಿದ ಮ್ಯಾಲ ಒಡೆಸ್ತಾರ. ಅದು ಮೂರು ದಿನ ಕಾಲು ಅಗಲ ಇಟ್ಟು ನಿಂದರ್ತೈತಿ. ನೋಡಾಕ ಆಗಂಗಿಲ್ಲ.

ದನದ ಡಾಕ್ಟ್ರು, ಯಲಬುರ್ಗಾ

ನೀವು ಮಾಡುತ್ತಿದ್ದದ್ದೇ ಸರಿ ಹಿರಿಯರೇ. ಮೈ ತುಂಬಿದ ಮೇಲೆ ಒಡೆಸಿದರೆ ನೋವು, ಬಾವು ಎಲ್ಲ ಹೆಚ್ಚು. ಬೀಜದ ನಾಳ ಹಿಸುಕುವ ಬರ್ಡಿಜೋ ಇಕ್ಕಳ ಹಾಕಿದ ಮೇಲೂ ತಾಸುಗಟ್ಟಲೆ ಕಾರ್ಟಿಸಾಲ್ ಏರಿಯೇ ಇರುತ್ತದೆ. ಜಾಗ ಮರಗಟ್ಟಿಸುವ ಚುಚ್ಚುಮದ್ದು, ನೋವು ಇಳಿಸುವ ಮೆಲಾಕ್ಸಿಕಾಮ್ ಎರಡೂ ಸೇರಿಸಿ ಕೊಟ್ಟರೆ ಆ ಏರಿಕೆ ತಗ್ಗುತ್ತದೆ. ಖರ್ಚು ದೊಡ್ಡದಲ್ಲ, ಕೇಳುವವರು ಕಡಿಮೆ. ಮನೆಯಲ್ಲಿ ಕಲ್ಲಿನಿಂದ ಜಜ್ಜುವುದನ್ನು ಇನ್ನೂ ಕೆಲವೆಡೆ ಕಾಣುತ್ತೇನೆ. ಕೈಮುಗಿದು ಕೇಳುತ್ತೇನೆ, ಅದನ್ನು ನಿಲ್ಲಿಸಿ.

ಕೆಂಗುರಿ ಮನೆ, ಲಿಂಗಸುಗೂರು

ಎಲ್ಲರಿಗೂ ಮತ್ತೆ ನಮಸ್ಕಾರ್ರಿ. ಬರೆಯೋದು ತಡ ಆತು, ಈಗ ಶ್ರಾವಣ ಬಂತು.

ಡಾಕ್ಟ್ರು ಹೇಳಿದಂಗ ಇನ್ನೊಂದು ಸುತ್ತು ಕಾಯ್ದೆ. ಮೊದಲು ಬೆದೆ ತೋರಿಸಿದ್ದ ಆ ಏಳೆಂಟರಲ್ಲಿ ಐದು ಇಪ್ಪತ್ತು ದಿನ ದಾಟಿದ ಮೇಲೆ ಬೆದೆಗೆ ಬಂದ್ವು. ಒಂದು ಟಗರನ್ನ ಪರೀಕ್ಷೆ ಮಾಡಿಸಿದ್ರ ಬೀಜ ತೆಳು ಅಂದ್ರು. ಅದನ್ನ ಸದ್ಯಕ್ಕ ಬೇರೆ ಕಟ್ಟೀವಿ, ನೆರಳಾಗ.

ಎರಡನೇ ಸಲ 18 ಕುರಿ ತರೋದಿತ್ತು. ಈ ಸಲ ಲಾರಿ ಬ್ಯಾಡ ಅಂದೆ. ಅಪ್ಪ, ನಾನು, ಇಬ್ಬರು ಹುಡುಗ್ರು ರಾತ್ರಿ ತಂಪಿನಾಗ ನಡೆಸಿಕೊಂಡು ಬಂದ್ವಿ, ಎರಡು ಕಡೆ ತರುಬಿ. ಬಂದ ಮೇಲೆ ಮೂರು ವಾರ ಟಗರು ಬಿಡಲಿಲ್ಲ, ನಮ್ಮ ಹಳೇ ಕುರಿ ಜೊತೆ ಮೊದಲು ಬೆರೀಲಿ ಅಂತ. ಆಮೇಲೆ ಟಗರು ಏರಿದ ಕುರಿ ಗುರುತು ಸಿಗಲಿ ಅಂತ ಅದರ ಎದೆಗೆ ಕೆಮ್ಮಣ್ಣು ಎಣ್ಣೆ ಕಲಸಿ ಹಚ್ಚಿ ಬಿಟ್ಟೆ. ಹದಿನೇಳು ದಿನದಾಗ ಹದಿಮೂರು ಕುರಿ ಬೆನ್ನು ಕೆಂಪಾಗ್ಯಾವ.

ರಾಯಚೂರಿನವಳು, ಈಗ ಹೈದರಾಬಾದ್

ಓದಿ ಕಣ್ಣು ತುಂಬಿತು. ಆದರೂ ಹೇಳಬೇಕಾದ್ದು ಹೇಳ್ತೀನಿ. ಮಳೆ ಬಂದಿದೆ, ಹಸಿರು ಬಂದಿದೆ, ಬಿಸಿಲು ಇಳಿದಿದೆ, ಟಗರೂ ಬೇರೆ. ಇದರಲ್ಲಿ ಲಾರಿಯ ಪಾಲು ಎಷ್ಟು ಎಂದು ಈ ಹದಿಮೂರರಿಂದ ಬಿಡಿಸಲು ಆಗಲ್ಲ. ಪ್ರತಿ ಕುರಿಯ ಬೆದೆ ದಿನ, ಈದ ದಿನ ಬರೆದಿಡ್ತೀಯಾ? ಎರಡು ಮೂರು ವರ್ಷದ ಲೆಕ್ಕ ಇದ್ದರೆ ಕೂತು ನೋಡೋಣ.

ಕೆಂಗುರಿ ಮನೆ, ಲಿಂಗಸುಗೂರು

ಬರದೀನಿ ಅಕ್ಕಾ. ಮೇವಿನ ಕೋಣೆ ಗೋಡೆ ಮೇಲೆ ಕೆಮ್ಮಣ್ಣಿನಾಗೇ, ಕುರಿ ಕಿವಿ ಗುರ್ತು, ತಾರೀಖು ಎರಡೂ. ಅಪ್ಪ ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡ್ತಾರ. ನಿನ್ನೆ ಹದಿನಾಲ್ಕನೇದ್ದು ಅವರೇ ಬರೆದ್ರು.